ಏರುದಾರಿ, ಮಳೆನೀರು ಮತ್ತು ಎಲ್ಲರೂ ನಡೆಯಬಲ್ಲ ಫುಟ್‌ಪಾತ್: ಮಂಗಳೂರನ್ನು ಮುಂದಿಟ್ಟು ಒಂದು ಟಿಪ್ಪಣಿ

ಮಂಗಳೂರಿನಲ್ಲಿ ಬಹಳ ಕಡೆ ಫುಟ್‌ಪಾತ್ ಎಂದರೆ ಚರಂಡಿಯ ಮುಚ್ಚಳ. ಮಳೆನೀರಿಗೆ ಆಳದ ಚರಂಡಿ, ಅದರ ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಸ್ಲ್ಯಾಬಿನ ಮೇಲೆ ಜನ. ಊರೋ ಗುಡ್ಡ ತಗ್ಗುಗಳದ್ದು. ಅಂಗವಿಕಲರೂ ಮುದುಕರೂ ಸಲೀಸಾಗಿ ಓಡಾಡಬಲ್ಲ ಸುಗಮ್ಯ ವಿನ್ಯಾಸದ ಅಳತೆಗಳನ್ನು ಇಲ್ಲಿ ಕಲಿಯುವವರು ಇಳಿಜಾರು, ನೀರು ಎರಡನ್ನೂ ಜೊತೆಗಿಟ್ಟುಕೊಂಡೇ ಓದಬೇಕು.

ಕಾನೂನಿನ ನೆಲೆ ಇಷ್ಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಕಲಂ ಪ್ರಕಾರ, ಸುಗಮ್ಯತೆಯ ನಿಯಮ ಪಾಲಿಸದ ನಕ್ಷೆಗೆ ಕಟ್ಟಡದ ಅನುಮತಿ ಕೊಡುವಂತಿಲ್ಲ. ಮಾನದಂಡಗಳು ಬರೀ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ನಿಯಮಗಳನ್ನು ರೂಪಿಸಬೇಕು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ರ‍್ಯಾಂಪ್

ಗಾಲಿಕುರ್ಚಿ ಹತ್ತುವ ಈ ಏರುದಾರಿಗೆ ಸೂತ್ರ 1:12. ಒಂದು ಪಾಲು ಏರಲು ಹನ್ನೆರಡು ಪಾಲು ಉದ್ದ. 150 ಮಿ.ಮೀ. ಎತ್ತರದ ಫುಟ್‌ಪಾತ್ ಅಂಚಿನ ಕಟ್ಟೆ, ಅಂದರೆ ಕರ್ಬ್‌ಗೆ 1.8 ಮೀಟರ್ ಸಾಕು. ಆದರೆ ನೀರು ನುಗ್ಗದಿರಲೆಂದು 600 ಮಿ.ಮೀ. ಎತ್ತರಿಸಿ ಕಟ್ಟಿದ ಅಂಗಡಿಗೆ 7.2 ಮೀಟರ್ ಬೇಕು. ಮೇಲೆ ಕೆಳಗೆ ತಲಾ 1.5 ಮೀಟರ್ ಸಮತಟ್ಟು ಜಾಗ ಬೇರೆ. ಜಾಗವಿಲ್ಲವೆಂದು ಅದನ್ನೇ 2 ಮೀಟರ್‌ಗೆ ಮುಗಿಸಿದರೆ ಹತ್ತುವಾಗ ಗಾಲಿಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಿದೆ. ಅದು ಬೈಕ್ ಹತ್ತಿಸುವ ದಾರಿಯೇ ಹೊರತು ರ‍್ಯಾಂಪ್ ಅಲ್ಲ. ಜಾಗ ಕಡಿಮೆಯಿದ್ದರೆ ಗೋಡೆಯ ಪಕ್ಕದಲ್ಲೇ ಉದ್ದಕ್ಕೆ ಎಳೆಯಿರಿ, ಇಲ್ಲವೇ ನಡುವೆ ತಿರುವು ಕೊಡಿ. ಅಗಲ ಕನಿಷ್ಠ 1.2 ಮೀಟರ್, ಎರಡೂ ಬದಿಗೆ 760 ಮತ್ತು 900 ಮಿ.ಮೀ. ಎತ್ತರದಲ್ಲಿ ರೇಲಿಂಗ್.

ಮಳೆಗೆ ತೆರೆದ ರ‍್ಯಾಂಪ್‌ಗೆ 1:15 ಇಡುವುದೇ ನಮ್ಮ ಸಲಹೆ. ಆಗಸ್ಟ್ ಹೊತ್ತಿಗೆ ನೆರಳಿನ ನೆಲವೆಲ್ಲ ಪಾಚಿ ಕಟ್ಟಿರುತ್ತದೆ. ಪಾಲಿಶ್ ಗ್ರಾನೈಟ್, ಹೊಳಪಿನ ಟೈಲ್ಸ್ ಬೇಡವೇ ಬೇಡ. ಹಸಿ ಕಾಂಕ್ರೀಟಿನ ಮೇಲೆ ಅಡ್ಡಡ್ಡ ಪೊರಕೆ ಎಳೆದ ಒರಟು ನೆಲ ಅಗ್ಗವೂ ಹೌದು, ಹಿಡಿತವೂ ಚೆನ್ನ. ಇನ್ನು ಕರ್ಬ್ ರ‍್ಯಾಂಪಿನ ಬುಡದಲ್ಲಿ ನೀರು ನಿಲ್ಲುವುದು ಎಲ್ಲೆಡೆ ಕಾಣುವ ತಪ್ಪು. ನೀರಿನ ಕಿಂಡಿಯನ್ನು ಬುಡದಲ್ಲಲ್ಲ, ರಸ್ತೆಯ ಏರಿನ ಕಡೆ, ನೀರು ಅಲ್ಲಿಗೆ ತಲುಪುವ ಮೊದಲೇ ಇಡಬೇಕು.

ಸ್ಲ್ಯಾಬ್ ಮತ್ತು ನಡಿಗೆಯ ನೆಲ

ಅಡೆತಡೆಯಿಲ್ಲದ ಅಗಲ 1.8 ಮೀಟರ್ ಇದ್ದರೆ ಎರಡು ಗಾಲಿಕುರ್ಚಿಗಳು ಎದುರುಬದುರು ದಾಟುತ್ತವೆ. ಕಂಬ, ಮರ, ಟ್ರಾನ್ಸ್‌ಫಾರ್ಮರ್ ತಿಂದ ಮೇಲೆ ಉಳಿಯುವ ಅಗಲವಿದು ಎಂಬುದನ್ನು ಮರೆಯಬೇಡಿ. ಹೂಳೆತ್ತಿದ ಬಳಿಕ ಸ್ಲ್ಯಾಬ್ ಸರಿಯಾಗಿ ಕೂರದೆ ಒಂದು ಮೇಲೆ, ಒಂದು ಕೆಳಗೆ ಉಳಿಯುತ್ತದೆ. ಮುದುಕರು ಎಡವುವುದು ಅಲ್ಲೇ. ಚರಂಡಿ ಮೇಲಿನ ಜಾಲರಿಯ ಸೀಳು 12 ಮಿ.ಮೀ. ದಾಟಬಾರದು, ನಡಿಗೆಯ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ.

ಮನೆ ಗೇಟಿಗೆ ಕಾರು ಹೋಗಲೆಂದು ಫುಟ್‌ಪಾತನ್ನು ಪ್ರತಿ ಸಲ ಇಳಿಸಿ ಏರಿಸುವುದು ತಪ್ಪು. ಫುಟ್‌ಪಾತ್ ಮಟ್ಟವಾಗಿಯೇ ಸಾಗಲಿ, ಹತ್ತಿ ಇಳಿಯುವ ಕೆಲಸ ಕಾರಿಗಿರಲಿ. ಬೈಕ್ ತಡೆಯಲು ಕಂಬ ನೆಡುವವರೂ ಒಂದು ಲೆಕ್ಕ ಹಾಕಬೇಕು: ಗಾಲಿಕುರ್ಚಿಗೆ 900 ಮಿ.ಮೀ. ಬಿಟ್ಟರೆ ಸ್ಕೂಟರ್ ಕೂಡ ನುಸುಳುತ್ತದೆ, ಸ್ಕೂಟರ್ ನುಸುಳದಷ್ಟು ಇಕ್ಕಟ್ಟು ಮಾಡಿದರೆ ಗಾಲಿಕುರ್ಚಿ ಹೊರಗೇ ಉಳಿಯುತ್ತದೆ. ಇದನ್ನು ಕಂಬ ಪರಿಹರಿಸದು, ಬೈಕಿನವರಿಗೆ ದಂಡ ಹಾಕಬೇಕು.

ಸ್ಪರ್ಶ ಟೈಲ್ಸ್

ಕಾಲಿಗೆ, ಕೋಲಿಗೆ ತಾಗಿ ಕಣ್ಣು ಕಾಣದವರಿಗೆ ದಾರಿ ತೋರುವ ಈ ಉಬ್ಬು ಟೈಲ್ಸನ್ನು 1967ರಲ್ಲಿ ಜಪಾನಿನ ಒಕಾಯಾಮದಲ್ಲಿ ಮೊದಲು ಹಾಕಿದ್ದು. ಉದ್ದಗೆರೆಯ ಟೈಲ್ 'ಮುಂದೆ ಸಾಗು' ಎಂದರೆ, ಚುಕ್ಕೆಯ ಟೈಲ್ 'ನಿಲ್ಲು, ಗಮನಿಸು' ಎನ್ನುತ್ತದೆ. ಎರಡನ್ನೂ ಅಲಂಕಾರಕ್ಕೆಂಬಂತೆ ಬೆರೆಸಿದರೆ ಬಿಳಿಕೋಲು ಹಿಡಿದವರಿಗೆ ಸುಳ್ಳು ಹೇಳಿದಂತೆ. ಗೆರೆಯ ಸಾಲು ವಿದ್ಯುತ್ ಕಂಬಕ್ಕೆ ನೇರ ಹೋಗಿ ಮುಗಿಯುವುದಕ್ಕಿಂತ ಟೈಲ್ ಇಲ್ಲದಿರುವುದೇ ಮೇಲು.

ಉಡುಪಿಯ ರಥಬೀದಿಯಂಥ ಕಡೆ ತೇರು ಸಾಗುವುದರಿಂದ ನಡುವೆ ಕಾಯಂ ಕಂಬ, ಎತ್ತರದ ಕರ್ಬ್ ನಿಲ್ಲಿಸಲಾಗದು. ಮಟ್ಟವಾದ ಬೀದಿ ಗಾಲಿಕುರ್ಚಿಗೆ ವರದಾನ. ಆದರೆ ಕಣ್ಣು ಕಾಣದವರಿಗೆ ಅಂಚು ತಿಳಿಯದು. ಅಂಥಲ್ಲಿ ಕೋಲಿಗೆ ಸಿಗುವಂಥ, ಬಣ್ಣದಲ್ಲೂ ಎದ್ದು ಕಾಣುವ ಒರಟು ಕಲ್ಲಿನ ಪಟ್ಟಿ ಬೇಕು.

ಅಳೆಯುವ ಬಗೆ

1.2 ಮೀಟರ್ ಉದ್ದದ ನೇರ ಪಟ್ಟಿ, ರಸಮಟ್ಟ (ಸಮತಟ್ಟು ತೋರುವ ಸಾಧನ), ಟೇಪ್ ಸಾಕು. ಪಟ್ಟಿಯನ್ನು ರ‍್ಯಾಂಪಿನ ಮೇಲೆ ಉದ್ದಕ್ಕೆ ಇಟ್ಟು ಕೆಳತುದಿಯನ್ನು ಮಟ್ಟ ಸಿಗುವವರೆಗೆ ಎತ್ತಿ. ಆ ತುದಿಯ ಕೆಳಗಿನ ಅಂತರ 100 ಮಿ.ಮೀ. ಮೀರಿದರೆ ಇಳಿಜಾರು 1:12ಕ್ಕಿಂತ ಕಡಿದು. ಫುಟ್‌ಪಾತಿನ ಅಡ್ಡ ಇಳಿಜಾರಿಗೆ ಮಿತಿ 1:50, ಅಂದರೆ ಇದೇ ಪಟ್ಟಿಯಲ್ಲಿ 24 ಮಿ.ಮೀ. ಅದಕ್ಕಿಂತ ಹೆಚ್ಚಾದರೆ ಗಾಲಿಕುರ್ಚಿ ರಸ್ತೆಯತ್ತ ವಾಲುತ್ತದೆ; ಪೂರ್ತಿ ಮಟ್ಟ ಮಾಡಿದರೆ ನೀರು ನಿಂತು ಪಾಚಿ ಕಟ್ಟುತ್ತದೆ.