ಸಿನಿಮಾದಲ್ಲಿ ಮಿಂಚದ ಲೂಸಿಲ್ ಬಾಲ್ ಟಿವಿಯಲ್ಲಿ ಗೆದ್ದದ್ದು ಹೇಗೆ?

ಪ್ರಶ್ನೆ: ಅಮೆರಿಕದ ನಟಿ ಲೂಸಿಲ್ ಬಾಲ್ ಸುಮಾರು 18 ವರ್ಷ ಹಾಲಿವುಡ್‌ನಲ್ಲಿದ್ದರೂ ದೊಡ್ಡ ತಾರೆ ಆಗಲಿಲ್ಲ. ಟಿವಿಗೆ ಬಂದ ಕೂಡಲೇ ಮನೆಮಾತಾದರು. ಅದು ಹೇಗೆ?

ಹಳೇ ಅಮೆರಿಕನ್ ಧಾರಾವಾಹಿ ನೋಡುವವರು ತುಂಬಾ ಸಲ ಕೇಳುವ ಪ್ರಶ್ನೆ ಇದು. ಟೈಮ್ ಚೆನ್ನಾಗಿತ್ತು ಅಂದುಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಎದುರಿಗೆ ಕೂತ ಜನರನ್ನು ನಗಿಸುವುದು ಆಕೆಯ ನಿಜವಾದ ಶಕ್ತಿ. ಸಿನಿಮಾದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಟಿವಿಯಲ್ಲಿ ಆ ಜಾಗವನ್ನು ಹಠ ಹಿಡಿದು ಮಾಡಿಕೊಂಡರು.

1911ರಲ್ಲಿ ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ ಹುಟ್ಟಿದವರು. 1933ರಲ್ಲಿ ಹಾಲಿವುಡ್‌ಗೆ ಬಂದಾಗ ಸಿಕ್ಕಿದ್ದು ಗುಂಪಿನಲ್ಲಿ ಕುಣಿಯುವ ಹುಡುಗಿಯ ಕೆಲಸ. ಆಮೇಲೆ ಆರ್‌ಕೆಓ, ಎಂಜಿಎಂ ಸ್ಟುಡಿಯೋಗಳಲ್ಲಿ ಹತ್ತಾರು ಸಿನಿಮಾ. ಕಡಿಮೆ ಬಜೆಟ್ ಚಿತ್ರಗಳ ರಾಣಿ ಅನ್ನುವ ಹೆಸರೂ ಬಂತು. ಎಂಜಿಎಂನವರು ಕೂದಲಿಗೆ ಕೆಂಪು ಬಣ್ಣ ಹಾಕಿಸಿದರು. ಆ ಬಣ್ಣ ಕೊನೆತನಕ ಆಕೆಯ ಗುರುತಾಯಿತು. ಪಾತ್ರಗಳು ಮಾತ್ರ ಬೇಗ ಮರೆತುಹೋದವು.

1948ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ನ ರೇಡಿಯೋ ಹಾಸ್ಯ ಸರಣಿಯೊಂದರಲ್ಲಿ ಹೆಂಡತಿಯ ಪಾತ್ರ ಸಿಕ್ಕಿತು. ಸ್ಟುಡಿಯೋದಲ್ಲಿ ಜನ ಕೂತಿರುತ್ತಿದ್ದರು, ಅವರು ನಕ್ಕಂತೆಲ್ಲ ಲೂಸಿಲ್ ಅರಳುತ್ತಿದ್ದರು. ಸಿಬಿಎಸ್ ಟಿವಿಗೂ ಕರೆಯಿತು. ಆಕೆಯದು ಒಂದೇ ಪಟ್ಟು: ಗಂಡನ ಪಾತ್ರಕ್ಕೆ ಸ್ವಂತ ಗಂಡ ಡೆಸಿ ಅರ್ನಾಜ್ ಅವರೇ ಬೇಕು. ಡೆಸಿ ಕ್ಯೂಬಾದವರು, ಇಂಗ್ಲಿಷಿನಲ್ಲಿ ಆ ಕಡೆಯ ಧಾಟಿ ಎದ್ದು ಕೇಳುತ್ತಿತ್ತು. ಈ ಜೋಡಿಯನ್ನು ಜನ ಒಪ್ಪಲಿಕ್ಕಿಲ್ಲ ಅಂತ ಚಾನೆಲ್‌ನವರು ಹಿಂಜರಿದರು. 1950ರಲ್ಲಿ ಗಂಡ ಹೆಂಡತಿ ಇಬ್ಬರೂ ಊರೂರು ತಿರುಗಿ ವೇದಿಕೆಯ ಮೇಲೆ ಆಡಿ ತೋರಿಸಿದರು. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. 1951ರ ಅಕ್ಟೋಬರ್ 15ರಂದು ಟಿವಿಯಲ್ಲಿ 'ಐ ಲವ್ ಲೂಸಿ' ಹಾಸ್ಯ ಧಾರಾವಾಹಿ ಶುರುವಾಯಿತು, ಲೂಸಿಯ ಪಾತ್ರ ಲೂಸಿಲ್ ಅವರದ್ದು.

1952ರ ಚಾಕೊಲೇಟ್ ಕಾರ್ಖಾನೆಯ ಕಂತು ನೋಡಿದ್ದೀರಾ? ಲೂಸಿ, ಪಕ್ಕದಲ್ಲಿ ಗೆಳತಿ ಎಥೆಲ್. ಬೆಲ್ಟ್ ಮೇಲೆ ಬರುವ ಒಂದೊಂದು ಚಾಕೊಲೇಟಿಗೂ ಕಾಗದ ಸುತ್ತಬೇಕು. ಮೊದಲು ಬೆಲ್ಟ್ ನಿಧಾನ, ಆಮೇಲೆ ಜೋರು, ಇನ್ನೂ ಜೋರು. ಕೈ ಸಾಲದೆ ಬಾಯಿಗೆ ತುರುಕಿಕೊಳ್ಳುತ್ತಾರೆ, ಟೋಪಿಗೆ, ಅಂಗಿಯೊಳಗೆ ತುಂಬುತ್ತಾರೆ. ಕೆನ್ನೆ ಉಬ್ಬಿ, ಕಣ್ಣು ಅಗಲವಾಗಿ ಮಾತೇ ಹೊರಡುವುದಿಲ್ಲ. ನಗು ತಡೆಯೋಕಾಗಲ್ಲ! ಅಲ್ಲಿ ಕೇಳುವ ನಗು ಕೂಡ ಎದುರಿಗೆ ಕೂತವರದ್ದೇ.

ಆಗ ಬಹಳ ಕಾರ್ಯಕ್ರಮಗಳು ನ್ಯೂಯಾರ್ಕ್‌ನಿಂದ ನೇರ ಪ್ರಸಾರವಾಗುತ್ತಿದ್ದವು. ಈ ದಂಪತಿ ಹಾಲಿವುಡ್ ಬಿಟ್ಟು ಹೋಗಲು ಒಪ್ಪಲಿಲ್ಲ. ಜನರ ಎದುರೇ ನಾಟಕದ ಹಾಗೆ ಆಡುವುದು, ಮೂರು ಕ್ಯಾಮೆರಾ ಇಟ್ಟು ಫಿಲ್ಮ್‌ನಲ್ಲಿ ಸೆರೆಹಿಡಿಯುವುದು ಅಂತಾಯಿತು. ಕ್ಯಾಮೆರಾ ಹೊಣೆ ಹೊತ್ತವರು ಹೆಸರಾಂತ ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್. ಖರ್ಚು ಜಾಸ್ತಿಯಾಯಿತು. ಇಬ್ಬರೂ ಸಂಭಾವನೆ ಕಡಿಮೆ ಮಾಡಿಕೊಂಡರು, ಬದಲಿಗೆ ಆ ಫಿಲ್ಮ್‌ಗಳ ಹಕ್ಕನ್ನು ತಮ್ಮ ಡೆಸಿಲು ಕಂಪನಿಗೆ ಉಳಿಸಿಕೊಂಡರು. ಆಮೇಲೆ ಆ ಹಕ್ಕುಗಳನ್ನು ಸಿಬಿಎಸ್‌ಗೇ ಮಾರಿದರು. ಆ ಹಣ ಸ್ಟುಡಿಯೋ ಕೊಳ್ಳುವುದಕ್ಕೆ ಒದಗಿತು.

1957ರಲ್ಲಿ ಡೆಸಿಲು ಕೊಂಡದ್ದು ಯಾವ ಸ್ಟುಡಿಯೋ ಗೊತ್ತಾ? ಒಂದು ಕಾಲಕ್ಕೆ ಲೂಸಿಲ್ ಸಂಬಳಕ್ಕೆ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದ ಅದೇ ಆರ್‌ಕೆಓ. 1960ರಲ್ಲಿ ದಾಂಪತ್ಯ ಮುರಿಯಿತು. ಎರಡು ವರ್ಷ ಕಳೆದ ಮೇಲೆ ಡೆಸಿಯ ಪಾಲನ್ನೂ ಕೊಂಡು, ಆ ಸ್ಟುಡಿಯೋದ ಯಜಮಾನಿಕೆಯನ್ನು ಲೂಸಿಲ್ ಒಬ್ಬರೇ ವಹಿಸಿಕೊಂಡರು.