ಸ್ಲಾಟ್: ಕನೆಕ್ಟರೋ, ಕಂಡಿಯೋ, ದಪ್ಪದ ಲೆಕ್ಕವೋ?

ಬಾಗಲಕೋಟೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬಂದಿದ್ದ ಕೊಟೇಶನ್ ಮೊನ್ನೆ ಕಣ್ಣಿಗೆ ಬಿತ್ತು. ಕ್ಯಾಬಿನೆಟ್ ಸಾಲಿನಲ್ಲಿ ಹೀಗೆ ಬರೆದಿತ್ತು: ‘7 ಸ್ಲಾಟ್, 7 ಕಾರ್ಡ್ ಹಾಕಬಹುದು’. ಅದರ ಕೆಳಗೇ ಮದರ್‌ಬೋರ್ಡ್ ಸಾಲು. ಅದು ಮೈಕ್ರೋ ಎಟಿಎಕ್ಸ್ ಅನ್ನುವ ಚಿಕ್ಕ ಅಳತೆಯ ಬೋರ್ಡ್. ಗ್ರಾಫಿಕ್ಸ್, ಸೌಂಡ್ ಮುಂತಾದ ಕಾರ್ಡ್ ಚುಚ್ಚಲು ಅದರಲ್ಲಿ ಜಾಗ ಇರುವುದು ಎರಡೇ. ಉಳಿದ ಐದು ಕಾರ್ಡನ್ನು ಎಲ್ಲಿ ಇಡಬೇಕು? ಕೇಳಿದರೆ ‘ಸ್ಲಾಟ್ ಏಳು ಅದಾವಲ್ರಿ ಮತ್ತ’ ಅನ್ನುವ ಉತ್ತರ ರೆಡಿ ಇರುತ್ತದೆ.

ಇಂಥದ್ದನ್ನು ನೋಡಿ ನೋಡಿ ಸಾಕಾಗಿದೆ. ಡ್ರೈವಿಂಗ್ ಲೈಸೆನ್ಸಿಗೆ ಸ್ಲಾಟ್ ಬುಕ್ ಮಾಡುವವರ ಬಗ್ಗೆ ನನ್ನ ತಕರಾರಿಲ್ಲ. ಸಿಮ್ ಸ್ಲಾಟ್ ಅನ್ನುವವರ ಬಗ್ಗೆಯೂ ಇಲ್ಲ. ತಕರಾರಿರುವುದು ಡೆಸ್ಕ್‌ಟಾಪ್ ಕಂಪ್ಯೂಟರಿನ ವಿಷಯದಲ್ಲಿ. ಅಲ್ಲಿ ಈ ಒಂದು ಪದ ಮೂರು ಬೇರೆ ಬೇರೆ ಸಂಗತಿಗಳಿಗೆ ನಡೆಯುತ್ತಿದೆ. ಬೋರ್ಡಿನ ಮೇಲಿನ ಕನೆಕ್ಟರ್‌ಗೂ ಸ್ಲಾಟ್, ಕ್ಯಾಬಿನೆಟ್ಟಿನ ಹಿಂಬದಿಯ ಕಂಡಿಗೂ ಸ್ಲಾಟ್, ಕಾರ್ಡಿನ ದಪ್ಪಕ್ಕೂ ಸ್ಲಾಟ್. ಮೂರನ್ನೂ ಒಂದೇ ಅಂದುಕೊಂಡವರು ದುಡ್ಡು ಕಳೆದುಕೊಳ್ಳುತ್ತಾರೆ.

ಪದದ ಹುಟ್ಟು ನೋಡಿದರೆ ಈ ಗೊಂದಲ ಇರಬೇಕಾಗಿರಲಿಲ್ಲ. ಇಂಗ್ಲಿಷಿಗೆ ಇದು ಹಳೆ ಫ್ರೆಂಚಿನಿಂದ ಬಂದದ್ದು. ಮೊದಮೊದಲು ಇದರ ಅರ್ಥ ಕತ್ತಿನ ಕೆಳಗೆ, ಎದೆಯ ಮೂಳೆಯ ಮೇಲೆ ಇರುವ ತಗ್ಗು. ಆಮೇಲೆ ಯಾವುದೇ ಕಿರಿದಾದ ಸಂದು, ಆಮೇಲೆ ನಾಣ್ಯ ಹಾಕುವ ಸೀಳು, ಕೊನೆಗೆ ಗಡಿಯಾರದ ವೇಳೆಯಲ್ಲಿ ಖಾಲಿ ಬಿಟ್ಟ ಜಾಗ. ಎಲ್ಲ ಅರ್ಥದಲ್ಲೂ ಅದು ತಗ್ಗು ಅಥವಾ ತೆರವು. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ನಡೆಸುವವರನ್ನು ಕೇಳಿ, ಅವರು ಈ ಪದವನ್ನು ತಪ್ಪಾಗಿ ಬಳಸುವುದೇ ಇಲ್ಲ. ಸ್ಲಾಟಿಂಗ್ ಮಷಿನ್ ಅಂದರೆ ಪುಲ್ಲಿಯ ತೂತಿನೊಳಗೆ ಕೀ ಕೂರುವ ಸಂದು ಕೊರೆಯುವ ಯಂತ್ರ. ಸ್ಲಾಟ್ ಹೋಲ್ ಅಂದರೆ ಬೋಲ್ಟ್ ಆಚೀಚೆ ಸರಿಯಲಿ ಎಂದು ಉದ್ದಕ್ಕೆ ಹೊಡೆದ ತೂತು. ಅಲ್ಲಿ ಸ್ಲಾಟ್ ಅಂದರೆ ಲೋಹ ತೆಗೆದ ಜಾಗ, ಅಷ್ಟೇ. ಕಂಪ್ಯೂಟರ್ ಅಂಗಡಿಗೆ ಬರುವಷ್ಟರಲ್ಲಿ ಅದೇ ಪದ ಪ್ಲಾಸ್ಟಿಕ್ ಮತ್ತು ಪಿನ್ ಸೇರಿದ ವಸ್ತುವಿನ ಹೆಸರಾಗಿಬಿಟ್ಟಿದೆ.

ತಪ್ಪು ಶುರುವಾದದ್ದು ಯಾಕೆ ಅನ್ನುವುದೂ ಗೊತ್ತಿದೆ. 1981ರ ಐಬಿಎಂ ಪಿಸಿಯಲ್ಲಿ ಬೋರ್ಡಿನ ಮೇಲೆ 5 ಕನೆಕ್ಟರ್, ಹಿಂದಿನ ತಗಡಿನಲ್ಲಿ 5 ಕಂಡಿ. 1983ರಲ್ಲಿ ಅದೇ ಕಂಪನಿ ತಂದ ಎಕ್ಸ್‌ಟಿಯಲ್ಲಿ 8 ಕನೆಕ್ಟರ್, 8 ಕಂಡಿ. ಪ್ರತಿ ಕನೆಕ್ಟರ್‌ಗೂ ಎದುರಿಗೆ ತನ್ನದೇ ಕಂಡಿ. ಯಾವುದನ್ನು ಸ್ಲಾಟ್ ಅಂದರೂ ಎಣಿಕೆ ಒಂದೇ ಬರುತ್ತಿತ್ತು. ಆ ಕಾಲದವರು ಎರಡಕ್ಕೂ ಒಂದೇ ಹೆಸರಿಟ್ಟರೆ ತಪ್ಪೇನಿಲ್ಲ.

ಆದರೆ 1990ರ ದಶಕದಲ್ಲೇ ಈ ಲೆಕ್ಕ ತಪ್ಪಿತು. 1992ರಲ್ಲಿ ಪಿಸಿಐ ಅನ್ನುವ ಹೊಸ ಜಾತಿಯ ಕನೆಕ್ಟರ್ ಬಂತು. ಹಳೆಯ ಐಎಸ್‌ಎ ಕಾರ್ಡುಗಳೂ ಇನ್ನೂ ಬಳಕೆಯಲ್ಲಿದ್ದವು. ಐಎಸ್‌ಎ ಕಾರ್ಡಿನಲ್ಲಿ ಚಿಪ್‌ಗಳು ಇರುವ ಮಗ್ಗುಲು ಒಂದು ಕಡೆಗಾದರೆ ಪಿಸಿಐ ಕಾರ್ಡಿನಲ್ಲಿ ಅದರ ಎದುರು ಕಡೆಗೆ. ಹಾಗಾಗಿ ಬೋರ್ಡ್ ಮಾಡುವವರು ಒಂದೇ ಕಂಡಿಯ ಎದುರಿಗೆ ಎರಡು ಕನೆಕ್ಟರ್ ಕೂರಿಸಿದರು. ಆ ಕಡೆಯದು ಒಂದು ಜಾತಿ, ಈ ಕಡೆಯದು ಇನ್ನೊಂದು ಜಾತಿ. ಎರಡರಲ್ಲಿ ಒಂದನ್ನು ಮಾತ್ರ ಬಳಸಬಹುದು, ಯಾಕೆಂದರೆ ಹೊರಗೆ ಹೋಗಲು ದಾರಿ ಒಂದೇ. ಇದಕ್ಕೆ ಶೇರ್ಡ್ ಸ್ಲಾಟ್ ಅಂತ ಹೆಸರು. ಹಂಚಿಕೊಳ್ಳುತ್ತಿದ್ದದ್ದು ಕಂಡಿಯನ್ನು, ಕನೆಕ್ಟರನ್ನಲ್ಲ. ಅಂದರೆ ಆಗಲೇ ಬಲ್ಲವರ ಬಾಯಲ್ಲಿ ಸ್ಲಾಟ್ ಅಂದರೆ ಕಂಡಿ ಅನ್ನುವ ಅರ್ಥ ಗಟ್ಟಿಯಾಗಿತ್ತು.

ಈಗ ಇವೆರಡೂ ಪೂರ್ತಿ ಬೇರೆ. 1995ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ ಅಳತೆ 7 ಕಂಡಿಗೆ ಜಾಗ ಬಿಡುತ್ತದೆ. ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಮೈಕ್ರೋ ಎಟಿಎಕ್ಸ್ 244ಕ್ಕೆ 244, ಕಂಡಿ 4. 2001ರಲ್ಲಿ ವಿಯಾ ಕಂಪನಿ ತಂದ ಮಿನಿ ಐಟಿಎಕ್ಸ್ 170ಕ್ಕೆ 170, ಒಂದೇ ಕನೆಕ್ಟರ್. ಈ ಅಳತೆಗಳು ಕೊಡುವುದು ಜಾಗ ಮಾತ್ರ. ಆ ಜಾಗದಲ್ಲಿ ಕನೆಕ್ಟರ್ ಇಡಲೇಬೇಕು ಅನ್ನುವ ಒತ್ತಾಯ ಇಲ್ಲ. ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಎಲ್ಲ ಬೋರ್ಡಿನೊಳಗೇ ಸೇರಿಕೊಂಡ ಮೇಲೆ ಕನೆಕ್ಟರ್‌ಗಳು ಕಡಿಮೆಯಾದವು. ಅವು ಇದ್ದ ಜಾಗದಲ್ಲಿ ಈಗ ಡೇಟಾ ಇಡುವ ಚಪ್ಪಟೆ ಪಟ್ಟಿಗಳಾದ ಎಂ.2 ಎಸ್‌ಎಸ್‌ಡಿಗಳು ಮಲಗಿವೆ. ತಗಡಿನಲ್ಲಿ ಮಾತ್ರ ಏಳು ಕಂಡಿ ಹಾಗೇ ಉಳಿದಿವೆ.

ಇನ್ನೂ ಅನುಮಾನ ಇದ್ದರೆ ಮಿನಿ ಐಟಿಎಕ್ಸ್ ಕ್ಯಾಬಿನೆಟ್ಟುಗಳನ್ನು ನೋಡಿ. ಬೋರ್ಡಿನಲ್ಲಿ ಕನೆಕ್ಟರ್ ಒಂದೇ. ಕ್ಯಾಬಿನೆಟ್ಟಿನಲ್ಲಿ ಮಾತ್ರ ಎರಡು ಅಥವಾ ಮೂರು ಕಂಡಿ ಇರುತ್ತವೆ. ಎರಡನೆಯದು, ಮೂರನೆಯದು ಯಾತಕ್ಕೆ? ದಪ್ಪ ಕಾರ್ಡಿಗೆ.

ಇನ್ನು ಮೂರನೆಯ ಅರ್ಥ, ಅದೇ ಹೆಚ್ಚು ಕಾಟ ಕೊಡುವುದು. ಎರಡು ಕಂಡಿಗಳ ನಡುವಿನ ಅಂತರ 20.32 ಮಿ.ಮೀ., ಅಂದರೆ ಒಂದು ಇಂಚಿನಲ್ಲಿ ಹತ್ತನೇ ಎಂಟು ಪಾಲು. ‘ಡ್ಯುಯಲ್ ಸ್ಲಾಟ್ ಕಾರ್ಡ್’ ಅಂದರೆ ಅಂಥ ಎರಡು ಕಂಡಿಗಳ ಜಾಗ ತಿನ್ನುವ ಕಾರ್ಡ್, ಸುಮಾರು 40 ಮಿ.ಮೀ. ದಪ್ಪ. ಅದಕ್ಕೆ ಎರಡು ಕನೆಕ್ಟರ್ ಬೇಕು ಅಂತ ಅರ್ಥವಲ್ಲ. ಬಸ್ಸಿನಲ್ಲಿ ಟಿಕೆಟ್ ಒಂದೇ ತೆಗೆದು ಎರಡು ಸೀಟಿನಲ್ಲಿ ಹರವಿಕೊಂಡು ಕೂರುವ ದಪ್ಪ ಆಸಾಮಿ ಇರುತ್ತಾನಲ್ಲ, ಹಾಗೆ. ‘ನನ್ನ ಬೋರ್ಡಿನಾಗ ದೊಡ್ಡ ಸ್ಲಾಟ್ ಒಂದೇ ಐತ್ರಿ, ಡ್ಯುಯಲ್ ಸ್ಲಾಟ್ ಕಾರ್ಡ್ ಕೂರತೈತೇನ್ರಿ?’ ಅಂತ ಕೇಳುವ ಹುಡುಗರು ಎಷ್ಟೋ ಮಂದಿ. ಕೂರುತ್ತದೆ ಮಾರಾಯ. ಒಂದೇ ಸಾಕು. ಪಕ್ಕದ ಕಂಡಿ ಖಾಲಿ ಇದ್ದರಾಯಿತು.

20.32ರೊಳಗೆ ಏನೇನು ಹಿಡಿಯಬೇಕು ಅಂತಲೂ ಲೆಕ್ಕ ಇದೆ. ಕಾರ್ಡಿನ ಚಿಪ್ ಮಗ್ಗುಲಿಗೆ ಸುಮಾರು 14.5 ಮಿ.ಮೀ., ಬೆನ್ನಿನ ಕಡೆಗೆ 2.67 ಮಿ.ಮೀ. ಕಾರ್ಡಿನ ಹಲಗೆಯ ದಪ್ಪ ಸುಮಾರು 1.6. ಎಲ್ಲ ಕೂಡಿದರೂ ಸುಮಾರು ಒಂದೂವರೆ ಮಿ.ಮೀ. ಉಳಿಯುತ್ತದೆ. ಪಕ್ಕದ ಕಾರ್ಡಿಗೆ ತಾಗದಿರಲಿ ಅಂತ ಬಿಟ್ಟ ಜಾಗ ಅದು. ಬೆನ್ನಿನ ಕಡೆಯ 2.67ನ್ನು ಮರೆತು ದಪ್ಪ ತಗಡಿನ ಬ್ಯಾಕ್‌ಪ್ಲೇಟ್ ಹಾಕಿದ ಕಾರ್ಡುಗಳು ಮೇಲಿನ ಪ್ರೊಸೆಸರ್ ಕೂಲರಿಗೋ ಎಸ್‌ಎಸ್‌ಡಿಯ ಬಿಸಿ ಹೀರುವ ಹೀಟ್‌ಸಿಂಕಿಗೋ ತಾಗುವುದು ಹೀಗೆ.

ಇದರ ಮೇಲೆ ‘ಎರಡೂವರೆ ಸ್ಲಾಟ್’, ‘2.7 ಸ್ಲಾಟ್’ ಅನ್ನುವ ಹೊಸ ಆಟ. ತಗಡಿನಲ್ಲಿ ಅರ್ಧ ಕಂಡಿ ಅಂತ ಇರುವುದಿಲ್ಲ. ಎರಡೂವರೆ ಅಂದರೆ ಹಿಂಬದಿಯಲ್ಲಿ ಎರಡು ಕಂಡಿ ಹಿಡಿದು, ಹೀಟ್‌ಸಿಂಕ್ ಮಾತ್ರ ಮೂರನೆಯ ಕಂಡಿಯ ಎದುರಿಗೆ ಇಣುಕುತ್ತದೆ ಅಂತ. ಆ ಮೂರನೆಯದರಲ್ಲಿ ಬೇರೆ ಕಾರ್ಡ್ ಹಾಕಲು ಆಗುವುದಿಲ್ಲ. ಅಂದಮೇಲೆ ಅದು ಮೂರೇ. ಉಳಿದ ಅರ್ಧ ಗಾಳಿಗೆ ಬಿಟ್ಟದ್ದು. ಅಂಗಡಿಯವರು ಎರಡೂವರೆಯನ್ನು ಎರಡು ಅಂತ ಹೇಳಿ ಮಾರಿದರೆ ತಕ್ಷಣ ಮಿ.ಮೀ. ಲೆಕ್ಕ ಕೇಳಬೇಕು.

ಸ್ಲಾಟ್ ಜಾಸ್ತಿ ಇದ್ದರೆ ಕಾರ್ಡ್ ಜೋರು ಅನ್ನುವ ನಂಬಿಕೆಯೂ ಇದೆ. ಇದು ಸುಮ್ನೆ ಬಂದ ಮಾತು. 2022ರಲ್ಲಿ ಎನ್‌ವಿಡಿಯಾ ತಾನೇ ಮಾಡಿ ಮಾರಿದ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡ್ ಮೂರು ಸ್ಲಾಟ್ ದಪ್ಪ, 450 ವಾಟ್. 2025ರಲ್ಲಿ ಬಂದ ಅದೇ ಕಂಪನಿಯ ಆರ್‌ಟಿಎಕ್ಸ್ 5090 ಎರಡೇ ಸ್ಲಾಟ್, 575 ವಾಟ್. ಸೊರಗಿದ ಕಾರ್ಡೇ ಜಾಸ್ತಿ ಕರೆಂಟ್ ತಿನ್ನುತ್ತದೆ, ಅಲ್ವಾ? ದಪ್ಪ ಹೇಳುವುದು ತಂಪು ಮಾಡುವ ಭಾಗವನ್ನು ಹೇಗೆ ಕಟ್ಟಿದ್ದಾರೆ ಅನ್ನುವುದನ್ನು. ಎರಡೂ ಕಾರ್ಡಿನ ಉದ್ದ 304 ಮಿ.ಮೀ., ಎತ್ತರ 137. ಈಗ ಬಳಕೆಯಲ್ಲಿರುವ ಪಿಸಿಐ ಎಕ್ಸ್‌ಪ್ರೆಸ್ ಜಾತಿಯ ಕಾರ್ಡಿನ ಪೂರ್ಣ ಎತ್ತರ ಇರಬೇಕಾದದ್ದು 111 ಮಿ.ಮೀ. ಚಿಲ್ಲರೆ. ಸ್ಲಾಟ್ ಎಣಿಸಿ ತಂದ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ಮುಚ್ಚದೆ ಇರುವುದು ಈ ಹೆಚ್ಚಿನ ಎತ್ತರದಿಂದ. ಅದರ ಮೇಲೆ ಪವರ್ ಕೇಬಲ್ ಬೇರೆ ಬಾಗಬೇಕು. ಸ್ಲಾಟ್ ಅನ್ನುವ ಪದ ಎತ್ತರದ ಬಗ್ಗೆ, ಉದ್ದದ ಬಗ್ಗೆ ಏನೂ ಹೇಳುವುದಿಲ್ಲ.

ಕ್ಯಾಬಿನೆಟ್ ಡಬ್ಬಿಯ ಮೇಲೆ ‘7+2’ ಅಂತ ಬರೆದಿರುವುದನ್ನು ನೋಡಿರಬಹುದು. ಒಟ್ಟು ಒಂಬತ್ತು ಕಾರ್ಡ್ ಅಂತ ಕೂಡಿಸಬೇಡಿ. ಆ ಎರಡು, ಗ್ರಾಫಿಕ್ಸ್ ಕಾರ್ಡನ್ನು ನೆಟ್ಟಗೆ ನಿಲ್ಲಿಸಿ ಗಾಜಿನೊಳಗಿಂದ ತೋರಿಸುವವರಿಗೆ. ಅವುಗಳ ಎದುರಿಗೆ ಕನೆಕ್ಟರ್ ಇರುವುದೇ ಇಲ್ಲ. ಬೋರ್ಡಿನ ಕನೆಕ್ಟರಿನಿಂದ ಕಾರ್ಡಿಗೆ ಎಳೆಯುವ ರೈಸರ್ ಕೇಬಲ್ ಬೇರೆ ಕೊಳ್ಳಬೇಕು.

ಕನೆಕ್ಟರ್ ಕಡೆಗೂ ಒಂದು ಮಾತು. ಎಕ್ಸ್16 ಅಂತ ಕರೆಯುವ ಉದ್ದ ಕನೆಕ್ಟರ್‌ಗೆ 164 ಪಿನ್ ಜಾಗ, ಚಿಕ್ಕ ಎಕ್ಸ್1ಕ್ಕೆ 36. ಆದರೆ ಉದ್ದ ಇದ್ದ ಮಾತ್ರಕ್ಕೆ ಹದಿನಾರೂ ಲೇನ್, ಅಂದರೆ ಡೇಟಾ ಓಡುವ ದಾರಿ, ಇರಬೇಕೆಂದಿಲ್ಲ. ಬೋರ್ಡಿನ ಕೆಳಗಿನ ಉದ್ದ ಕನೆಕ್ಟರ್ ಎಷ್ಟೋ ಸಲ ನಾಲ್ಕೇ ಲೇನಿನದು. ಬೋರ್ಡಿನ ಕೈಪಿಡಿಯಲ್ಲಿ ಇದನ್ನು ಬರೆದಿರುತ್ತಾರೆ. ಓದುವವರು ಕಡಿಮೆ.

ಉಳಿದವು ಬೇಗ ಮುಗಿಯುತ್ತವೆ. ಯುಎಸ್‌ಬಿಯದು ಪೋರ್ಟ್, ಸ್ಲಾಟ್ ಅಲ್ಲ. ಹಾರ್ಡ್‌ಡಿಸ್ಕ್ ಕೂರುವ ಜಾಗ ಬೇ. ಪ್ರೊಸೆಸರ್ ಕೂರುವುದು ಸಾಕೆಟ್ಟಿನಲ್ಲಿ. ಒಂದು ಕಾಲಕ್ಕೆ ಅದೂ ಸ್ಲಾಟ್ ಆಗಿತ್ತು. 1997ರ ಪೆಂಟಿಯಂ 2 ಕಾರ್ಡಿನ ರೂಪದಲ್ಲಿ ‘ಸ್ಲಾಟ್ 1’ ಅನ್ನುವುದಕ್ಕೆ ಚುಚ್ಚಿಕೊಳ್ಳುತ್ತಿತ್ತು. 1999ರಲ್ಲಿ ಎಎಂಡಿಯ ಅಥ್ಲಾನ್‌ಗೆ ‘ಸ್ಲಾಟ್ ಎ’. ಎರಡೂ ಹೆಚ್ಚು ಕಾಲ ಉಳಿಯಲಿಲ್ಲ. ರಾಮ್ ಸ್ಲಾಟ್ ಅನ್ನಿ, ನಾನು ಜಗಳಕ್ಕೆ ಬರುವುದಿಲ್ಲ.

ಕಂಡಿಗೆ ಇಷ್ಟೊಂದು ಮಹತ್ವ ಯಾಕೆ ಅಂದರೆ, ಕಾರ್ಡನ್ನು ಹಿಡಿದು ನಿಲ್ಲಿಸುವ ಕೆಲಸದಲ್ಲಿ ಅರ್ಧ ಪಾಲು ಅದರದೇ. ಕಾರ್ಡಿನ ತುದಿಯಲ್ಲಿ ತಗಡಿನ ಪಟ್ಟಿ ಇರುತ್ತದೆ, ಬ್ರಾಕೆಟ್. ಅದರ ಮೇಲ್ತುದಿ ಮಡಚಿರುತ್ತದೆ, ಅಲ್ಲಿ ಸ್ಕ್ರೂ. ಕೆಳತುದಿ ನಾಲಿಗೆಯಂತೆ ಕಿರಿದಾಗಿ ಬೋರ್ಡಿನ ಅಂಚಿಗೂ ತಗಡಿಗೂ ನಡುವಿನ ಸಂದಿಗೆ ಇಳಿಯುತ್ತದೆ. ಕಡಿಮೆ ಬೆಲೆಯ ಕ್ಯಾಬಿನೆಟ್ಟಿನಲ್ಲಿ ತಗಡು ತೆಳು, ಮಡಿಕೆಯೂ ನೇರ ಇರುವುದಿಲ್ಲ. ನಾಲಿಗೆ ಸಂದಿಗೆ ಇಳಿಯದೆ ತಗಡಿನ ಮೇಲೆ ಕೂತರೆ ಕಾರ್ಡಿನ ಆ ತುದಿ ಎದ್ದು ನಿಲ್ಲುತ್ತದೆ. ಕನೆಕ್ಟರಿನಲ್ಲಿ ಅರ್ಧ ಪಿನ್ ತಾಗಿ ಅರ್ಧ ತಾಗುವುದಿಲ್ಲ. ಮಾನಿಟರಿನಲ್ಲಿ ಏನೂ ಬರುವುದಿಲ್ಲ, ಬೈಗುಳ ಕಾರ್ಡಿಗೆ. ಎಷ್ಟೋ ಸಲ ಅಗಲ ಬಾಯಿಯ ಇಕ್ಕಳದಿಂದ ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿದರೆ ರಿಪೇರಿ ಮುಗಿಯಿತು. ಸ್ಕ್ರೂ ಕೂಡ 6-32 ಅನ್ನುವ ಇಂಚಿನ ಅಳತೆಯದು, ಇಂಚಿಗೆ 32 ಸುತ್ತು. ಅಲ್ಲಿ ಮಿ.ಮೀ. ಅಳತೆಯ ಎಂ3 ಸ್ಕ್ರೂ ತುರುಕಿದರೆ ಹಿಡಿದಂತೆ ಕಂಡು ಜಾರುತ್ತದೆ.

ಬಳಸದ ಕಂಡಿಗೆ ಮುಚ್ಚುಪಟ್ಟಿ ಇರಲೇಬೇಕು. ಕೆಲವು ಕ್ಯಾಬಿನೆಟ್ಟುಗಳಲ್ಲಿ ಅದು ತಗಡಿಗೇ ಅಂಟಿರುತ್ತದೆ, ತಿರುಚಿ ಮುರಿಯಬೇಕು. ಒಮ್ಮೆ ಮುರಿದರೆ ಮತ್ತೆ ಕೂರುವುದಿಲ್ಲ. ‘ಗಾಳಿ ಆಡ್ಲಿ’ ಅಂತ ಎಲ್ಲವನ್ನೂ ಮುರಿದು ಹಾಕುವವರಿದ್ದಾರೆ. ಆಡುವುದು ಬೇಡದ ಕಡೆಯ ಗಾಳಿ. ವಿಜಯಪುರದ ಬೇಸಿಗೆಯಲ್ಲಿ ಅದರ ಜೊತೆ ಧೂಳು, ಹಲ್ಲಿ ಎರಡಕ್ಕೂ ದಾರಿ. ಒಳಗಿನ ರೇಡಿಯೋ ಅಲೆಗಳು ಹೊರಗೆ ಸೋರದಂತೆ ತಡೆಯುವುದೂ ಈ ತಗಡಿನ ಕೆಲಸವೇ.

ಈಗ ನಮ್ಮ ಕಡೆ ಜಾಸ್ತಿ ಓಡುತ್ತಿರುವುದು ಆಫೀಸುಗಳಿಂದ ಬಂದ ಹಳೆಯ ಸ್ಲಿಮ್ ಡೆಸ್ಕ್‌ಟಾಪ್‌ಗಳು. ಬೆಲೆ ಕಮ್ಮಿ, ಗಟ್ಟಿಯಾಗಿರುತ್ತವೆ. ‘ಎಕ್ಸ್16 ಸ್ಲಾಟ್ ಇದೆ’ ಅಂತ ಹೇಳಿ ಮಾರುತ್ತಾರೆ, ಅದು ನಿಜವೇ. ಕನೆಕ್ಟರ್ ಪೂರ್ತಿ ಉದ್ದದ್ದೇ ಇರುತ್ತದೆ, ದೊಡ್ಡ ಕಾರ್ಡ್ ಅದರಲ್ಲಿ ಚುಚ್ಚಿಕೊಳ್ಳುತ್ತದೆ ಕೂಡ. ಆದರೆ ಹಿಂದಿನ ಕಂಡಿ ಲೋ ಪ್ರೊಫೈಲ್, ಅಂದರೆ ಗಿಡ್ಡ. ಮಾಮೂಲಿ ಪಟ್ಟಿ 120 ಮಿ.ಮೀ. ಉದ್ದ, ಈ ಕಂಡಿಗೆ ಬೇಕಾದದ್ದು 79.2 ಮಿ.ಮೀ. ಕಾರ್ಡಿನ ಎತ್ತರವೂ 69 ಮಿ.ಮೀ. ಒಳಗೇ ಇರಬೇಕು. ಪಟ್ಟಿ ಬಿಚ್ಚಿ ಕಾರ್ಡನ್ನು ಹಾಗೇ ನಿಲ್ಲಿಸಿದರೆ ಎಚ್‌ಡಿಎಂಐ ಕೇಬಲ್ ಚುಚ್ಚುವಾಗಲೆಲ್ಲ ಇಡೀ ಭಾರ ಕನೆಕ್ಟರಿನ ಮೇಲೆ ಬೀಳುತ್ತದೆ. ಲೋ ಪ್ರೊಫೈಲ್ ಕಾರ್ಡುಗಳ ಡಬ್ಬಿಯಲ್ಲಿ ಸಾಮಾನ್ಯವಾಗಿ ಒಂದು ಗಿಡ್ಡ ಪಟ್ಟಿ ಬೇರೆ ಇಟ್ಟಿರುತ್ತಾರೆ. ಹಳೆಯ ಕಾರ್ಡ್ ಕೊಳ್ಳುವಾಗ ಕಾರ್ಡಿಗಿಂತ ಮೊದಲು ಆ ಪಟ್ಟಿ ಇದೆಯಾ ಅಂತ ಕೇಳಿ. ಅದಿಲ್ಲದಿದ್ದರೆ ಬೆಲೆ ಇಳಿಸಲು ಹೇಳಿ.