ನೆತ್ತರೊಳಗಿನ ನಕಲುಗಾರರು

ಒಂದು ಹನಿ ರಕ್ತವನ್ನು ಡಿಎನ್‌ಎ ಓದುವ ಯಂತ್ರಕ್ಕೆ ಹಾಕಿದರೆ ರೋಗಾಣುವಿನ ಜಾತಕವೆಲ್ಲ ಹೊರಬೀಳುತ್ತದೆ ಎಂದು ನಂಬಿದವರು ಬಹಳ ಜನ. ಲೆಕ್ಕ ಹಾಕಿ ನೋಡಿ. ಸೋಂಕು ತಗುಲಿದ ರಕ್ತದ ಒಂದು ಮಿಲಿಲೀಟರಿನಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಎಷ್ಟೋ ಸಲ ಹತ್ತನ್ನೂ ಮುಟ್ಟುವುದಿಲ್ಲ. ಬಿಳಿ ರಕ್ತಕಣಗಳಾದರೋ ಸಾಮಾನ್ಯವಾಗಿ 40 ಲಕ್ಷಕ್ಕೂ ಮಿಗಿಲು, ಒಂದೊಂದರಲ್ಲೂ 600 ಕೋಟಿ ಡಿಎನ್‌ಎ ಅಕ್ಷರ. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಡಿಎನ್‌ಎ ಬರಹವೆಲ್ಲ ಸೇರಿ, ಸುಮಾರು 55 ಲಕ್ಷ ಅಕ್ಷರದ್ದು, ಅಷ್ಟೇ. ನೇರವಾಗಿ ಓದಹೊರಟರೆ ಸಿಗುವುದು ಬಹುಪಾಲು ರೋಗಿಯ ಜೀನೋಮೇ.

ಆದ್ದರಿಂದ ಮೊದಲು ಕಲ್ಚರ್: ರಕ್ತವನ್ನು ಪೋಷಕ ದ್ರವದ ಬಾಟಲಿಗೆ ಹಾಕಿ ಬ್ಯಾಕ್ಟೀರಿಯಾ ಬೆಳೆಸುವುದು. ವಯಸ್ಕರಾದರೆ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ, ಬೇರೆ ಬೇರೆ ಕಡೆ ಚುಚ್ಚಿ ಕನಿಷ್ಠ ಎರಡು ಸೆಟ್ ಬಾಟಲಿ. ಒಂದೇ ಬಾಟಲಿಯಲ್ಲಿ ಬೆಳೆದದ್ದು ಚರ್ಮದಿಂದ ಬಂದದ್ದೂ ಇರಬಹುದು. ಬಾಟಲಿಯ ದ್ರವದಿಂದಲೇ ಡಿಎನ್‌ಎ ತೆಗೆಯುವ ಆತುರ ಬೇಡ. ರಕ್ತ ಹೆಪ್ಪುಗಟ್ಟದಿರಲೆಂದು ಹಾಕಿದ ಎಸ್‌ಪಿಎಸ್ ಎಂಬ ರಾಸಾಯನಿಕ ಡಿಎನ್‌ಎ ಜೊತೆಗೇ ಇಳಿದು, ಡಿಎನ್‌ಎಯ ಪ್ರತಿ ತೆಗೆಯುವ ಪಿಸಿಆರ್ ಕಿಣ್ವವನ್ನು ಕಟ್ಟಿಹಾಕುತ್ತದೆ. ತಟ್ಟೆಯ ಮೇಲೆ ಬೆಳೆಸಿದ ಕಾಲನಿಯೇ (ಬ್ಯಾಕ್ಟೀರಿಯಾದ ಗುಂಪು) ವಾಸಿ. ಡಿಎನ್‌ಎ ತೆಗೆಯಲು ಕೋಶದ ಗೋಡೆ ಒಡೆಯಬೇಕು. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಗೋಡೆ ಲೈಸೊಜೈಮ್ ಕಿಣ್ವಕ್ಕೆ ಜಗ್ಗುವುದಿಲ್ಲ, ಅದಕ್ಕೆ ಲೈಸೊಸ್ಟಾಫಿನ್ ಎಂಬ ಇನ್ನೊಂದು ಕಿಣ್ವ ಬೇಕು.

ಇನ್ನು ಸ್ವಾರಸ್ಯಕ್ಕೆ ಬರೋಣ. ಬ್ಯಾಕ್ಟೀರಿಯಾ ತನ್ನ ಜೀನೋಮನ್ನು ಹಸ್ತಪ್ರತಿಯ ಲಿಪಿಕಾರನಂತೆ ನಕಲು ಮಾಡುತ್ತದೆ: ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ, ಮುಂದಿನ ಪ್ರತಿಗಳೆಲ್ಲ ಆ ತಪ್ಪನ್ನೇ ಹೊತ್ತು ಸಾಗುತ್ತವೆ. ಒಂದೇ ತಪ್ಪಿರುವ ಪ್ರತಿಗಳು ಒಂದೇ ಮನೆತನದವು. ಗ್ರಂಥಸಂಪಾದಕರಿಗೆ ಇದು ಹಳೆಯ ಉಪಾಯ. ಡಾರ್ವಿನ್ನನ ಪುಸ್ತಕಕ್ಕಿಂತ ಮೂರು ದಶಕ ಮೊದಲೇ, 1827ರಲ್ಲಿ, ಸ್ವೀಡನ್ನಿನ ಹಳೆಯ ಕಾನೂನು ಹಸ್ತಪ್ರತಿಗಳಿಗೆ ಇಂಥ ವಂಶವೃಕ್ಷ ಬರೆದಿದ್ದರು. ಆರಿಯಸ್‌ನ 28 ಲಕ್ಷ ಅಕ್ಷರಗಳಲ್ಲಿ ವರ್ಷಕ್ಕೆ ಸುಮಾರು 8 ಬದಲಾಗುತ್ತವೆ. ಹಾಗಾದರೆ ವರ್ಷದ ಹಿಂದೆ ಕವಲೊಡೆದ ಎರಡು ತಳಿಗಳ ನಡುವೆ ಎಷ್ಟು ವ್ಯತ್ಯಾಸ? ಎಂಟಲ್ಲ, ಹದಿನಾರು, ಎರಡೂ ಕವಲು ಬೆಳೆದಿವೆಯಲ್ಲ. ಇಲ್ಲಿ ಎಡವುವವರೇ ಹೆಚ್ಚು. ಇನ್ನೊಂದು ತೊಡಕೂ ಇದೆ. ಕೆಲವು ಬ್ಯಾಕ್ಟೀರಿಯಾಗಳು ಬೇರೆಯವರ ಹೊತ್ತಿಗೆಯಿಂದ ಇಡೀ ಪುಟವನ್ನೇ ಹರಿದು ತಮ್ಮದಕ್ಕೆ ಅಂಟಿಸಿಕೊಳ್ಳುತ್ತವೆ. ಒಂದೇ ಏಟಿಗೆ ನೂರಾರು ವ್ಯತ್ಯಾಸ! ಅಂಥ ತುಣುಕುಗಳನ್ನು ಬದಿಗಿಡದೆ ಎಣಿಸಿದರೆ ನಿನ್ನೆಯ ದಾಯಾದಿಯೂ ಪರಕೀಯನಾಗುತ್ತಾನೆ. ಪ್ರತಿ ಅಕ್ಷರವನ್ನೂ ಸರಾಸರಿ 30 ಸಲಕ್ಕಿಂತ ಕಡಿಮೆ ಓದಿದ್ದರೆ ಯಂತ್ರದ ತಪ್ಪು ಯಾವುದು, ಲಿಪಿಕಾರನ ತಪ್ಪು ಯಾವುದು ಎಂದು ಬಿಡಿಸುವುದು ಕಷ್ಟ.

2011ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಆಸ್ಪತ್ರೆಯ 18 ರೋಗಿಗಳಲ್ಲಿ ಕಾರ್ಬಪೆನೆಮ್ ಎಂಬ ಪ್ರಬಲ ಆ್ಯಂಟಿಬಯಾಟಿಕ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಕಂಡುಬಂತು. ಮೊದಲ ರೋಗಿ ಮನೆಗೆ ಹೋಗಿ ಮೂರು ವಾರವಾದ ಮೇಲೆ ಎರಡನೆಯ ಪ್ರಕರಣ ಪತ್ತೆಯಾದದ್ದರಿಂದ ಸಂಬಂಧವೇ ಇಲ್ಲವೇನೋ ಅನ್ನಿಸುವಂತಿತ್ತು. ಅಕ್ಷರಗಳ ಲೆಕ್ಕ ಸರಪಳಿಯನ್ನು ಮೊದಲ ರೋಗಿಗೇ ಒಯ್ದು ಮುಟ್ಟಿಸಿತು.

ಔಷಧಕ್ಕೆ ಬಗ್ಗದಂತೆ ಮಾಡುವ ಜೀನ್‌ಗಳು ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿರುತ್ತವೆ. 150 ಅಕ್ಷರದ ಚಿಕ್ಕ ತುಣುಕುಗಳಿಂದ ಅದನ್ನು ಜೋಡಿಸುವುದು ಕಷ್ಟ. ಮತ್ತೆ ಮತ್ತೆ ಬರುವ ಒಂದೇ ಬಗೆಯ ಸಾಲುಗಳಲ್ಲಿ ದಾರಿ ತಪ್ಪುತ್ತದೆ. ಅದಕ್ಕೆ ಸಾವಿರಾರು ಅಕ್ಷರಗಳನ್ನು ಒಟ್ಟಿಗೆ ಓದುವ ನ್ಯಾನೊಪೋರ್‌ನಂಥ ಯಂತ್ರ ಬೇಕು. ಹೀಗೆ ಓದಿ ಸಿಕ್ಕ ಜೀನ್‌ಗಳ ಪಟ್ಟಿಯಲ್ಲಿ ಕಾರ್ಬಪೆನೆಮ್ ಒಡೆಯುವ ಜೀನ್ ಕಾಣಲಿಲ್ಲವೆಂದು ಔಷಧ ನಾಟುತ್ತದೆ ಎನ್ನುವಂತಿಲ್ಲ: ಹೊರಪೊರೆಯಲ್ಲಿ ಔಷಧ ಒಳಹೋಗುವ ಪೋರಿನ್ ಎಂಬ ಬಾಗಿಲು ಕೆಟ್ಟು, ಜೊತೆಗೆ ಬೇರೆ ಬೀಟಾ-ಲ್ಯಾಕ್ಟಮೇಸ್ (ಔಷಧ ಒಡೆಯುವ ಕಿಣ್ವ) ಇದ್ದರೂ ಕ್ಲೆಬ್ಸಿಯೆಲ್ಲಾ ಬಚಾವಾಗುತ್ತದೆ. ಅದೇ ಕಾಲನಿಯಿಂದ ಇನ್ನೊಂದು ತಟ್ಟೆಗೆ ಬಳಿದು ಆ್ಯಂಟಿಬಯಾಟಿಕ್ ಡಿಸ್ಕ್ ಇಡುವ ಹಳೇ ಕೆಲಸ ಈಗಲೂ ನಡೆಯುತ್ತಿರುವುದು ಅದಕ್ಕೇ.